ಮುಳುಗಿದ ಊರಿಗೆ ಇಬ್ಬರು ಸಾಕ್ಷಿ

ಹಿಡಕಲ್ ಅಣೆಕಟ್ಟಿನ ಹಿನ್ನೀರು ಬೇಸಿಗೆಯ ಕೊನೆಗೆ ಸರಿದಾಗ ಹಳೆಯ ಊರು ಮೂರೇ ಗುರುತುಗಳಲ್ಲಿ ಹೊರಗೆ ಬರುತ್ತದೆ: ಗುಡಿಯ ಕಲ್ಲುಗೋಡೆ, ಊರ ಬಾವಿಯ ಬಾಯಿ, ಅಗಸಿಯ ಅಡಿಪಾಯ. ಅಗಸಿಯೆಂದರೆ ಊರಿನ ಹೆಬ್ಬಾಗಿಲು. ಉಳಿದುದೆಲ್ಲ ಬಿರುಕುಬಿಟ್ಟ ಕೆಸರು. ಅಲ್ಲಿ ಯಾರ ಮನೆ ಎಲ್ಲಿತ್ತೆಂದು ಗುರುತಿಸಿ ಒಂದು ನಕಾಶೆ ಮಾಡಿಕೊಡಬೇಕೆಂದು ಹೊಸ ಊರಿನವರು ನಮ್ಮ ಇತಿಹಾಸ ಮಂಡಳವನ್ನು ಕೇಳಿದರು. ಆ ನಕಾಶೆಯನ್ನು ಹೊಸ ಊರಿನ ಸಮುದಾಯ ಭವನದ ಗೋಡೆಯ ಮೇಲೆ ಬಣ್ಣದಲ್ಲಿ ಬರೆಸಬೇಕೆಂಬುದು ಅವರ ಇಚ್ಛೆ. ಊರು ಮುಳುಗುವಾಗ ಮಕ್ಕಳಾಗಿದ್ದವರು ಈಗ ಮುದುಕರಾಗಿದ್ದರು. ಇನ್ನು ತಡಮಾಡಿದರೆ ಹೇಳುವವರು ಉಳಿಯುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು.

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳಿಗೆ ಸೇರಿ ಈ ಮಂಡಳ ಒಂದೇ. ಗೋಕಾಕದಲ್ಲಿ ಕಿರಾಣಿ ಅಂಗಡಿಯೊಂದರ ಮೇಲಿನ ಕೋಣೆ ಅದರ ಕಚೇರಿ. ಹಿಂದೆ ಮರಾಠಿ ದಫ್ತರಗಳಲ್ಲಿ ಬರೆಯುತ್ತಿದ್ದ ಮೋಡಿ ಲಿಪಿಯ ಹಳೆಯ ಕಾಗದ ಹಿಡಿದು ಬಂದವರಿಗೆ ಅಲ್ಲಿ ಓದಿ ಹೇಳುತ್ತಾರೆ. ಪೈಪು ಹೂಳಲು ಅಗೆಯುವಾಗ ಕೆತ್ತನೆಯ ಕಲ್ಲು ಸಿಕ್ಕರೆ ಜನ ಮೊದಲು ಫೋನು ಮಾಡುವುದು ಅಲ್ಲಿಗೇ. ಯಾರಿಗೂ ಪಗಾರವಿಲ್ಲ. ಅಧ್ಯಕ್ಷರು ಹುಕ್ಕೇರಿಯವರು, ಭೂಮಾಪನದ ಕೆಲಸದಿಂದ ನಿವೃತ್ತರಾದವರು. ಕಾರ್ಯದರ್ಶಿಗೆ ಮೂಡಲಗಿಯಲ್ಲಿ ಹಿಟ್ಟಿನ ಗಿರಣಿ. ಮಂಡಳದ ಕೆಲಸವಿದ್ದ ಭಾನುವಾರ ಗಿರಣಿಗೆ ಬೀಗ. ಹೇಳಿದವರ ಮಾತನ್ನು ಹೇಳಿದಂತೆಯೇ ಬರೆದಿಡುವುದು ನನ್ನ ಪಾಲಿನ ಕೆಲಸ. ಇತಿಹಾಸವೆಂದರೆ ರಾಜರ ಹೆಸರು ಒಪ್ಪಿಸುವುದು ಎಂದು ನಂಬಿದ ಸಂಸ್ಥೆಗಳನ್ನು ನಾನು ಸಾಕಷ್ಟು ಕಂಡಿದ್ದೆ. ಯಾರ ಮನೆಯ ಬಾಗಿಲು ಯಾವ ದಿಕ್ಕಿಗಿತ್ತು ಎಂದು ಅರ್ಧ ದಿನ ಚರ್ಚಿಸುವ ಸಂಸ್ಥೆಯನ್ನು ಕಂಡಿರಲಿಲ್ಲ. ಆದ್ದರಿಂದಲೇ ಇಲ್ಲಿ ಉಳಿದೆ.

ಕೆಲಸದ ಕ್ರಮ ಹೀಗಿತ್ತು. ಮೊದಲು ಕೆರೆಯಂಗಳದಂತೆ ಬರಿದಾದ ಆ ಕೆಸರಿಗೆ ಇಳಿದು ಟೇಪು, ದಿಕ್ಸೂಚಿ, ಗೂಟಗಳೊಂದಿಗೆ ಮೂರು ಗುರುತುಗಳ ನಡುವಿನ ಅಂತರ ಅಳೆದೆವು. ಮೇಲೆ ಗಟ್ಟಿಯಾಗಿ ಕಂಡದ್ದು ಕಾಲಿಟ್ಟೊಡನೆ ಕುಸಿಯುತ್ತಿತ್ತು. ಕಾರ್ಯದರ್ಶಿಯವರ ಒಂದು ಚಪ್ಪಲಿ ಅಲ್ಲಿಯೇ ಉಳಿಯಿತು. "ಇನ್ನ ನಾಕ್ನೂರ ವರ್ಷಕ್ಕ ಯಾರರೆ ಅಗದ್ರ, ಪ್ರಾಚೀನ ಪಾದರಕ್ಷೆ ಅಂತ ನಿಮ್ಮಂಥವ್ರ ಪುಸ್ತಕ ಬರೀತಾರ" ಎಂದು ಅಧ್ಯಕ್ಷರು ನನಗೆ ಹೇಳಿದರು. ಅಳತೆಗಳನ್ನು ಕುಗ್ಗಿಸಿ ಹೊಸ ಊರಿನ ಶಾಲೆಯ ಮೈದಾನಕ್ಕೆ ತಂದೆವು. ಗುಡಿ, ಬಾವಿ, ಅಗಸಿಗಳ ಜಾಗದಲ್ಲಿ ಗೂಟ ನೆಟ್ಟು, ಅವುಗಳ ನಡುವೆ ಹಗ್ಗ ಕಟ್ಟಿ, ಓಣಿಗಳನ್ನು ಬೂದಿಯಿಂದ ಎಳೆದೆವು. ತಳಕ್ಕೆ ತೂತು ಹೊಡೆದ ಡಬ್ಬಿಯಲ್ಲಿ ಬೂದಿ ತುಂಬಿ ಅಲುಗಾಡಿಸುತ್ತ ನಡೆದರೆ ಗೆರೆ ಬೀಳುತ್ತದೆ. ಕಬಡ್ಡಿ ಅಂಕಣ ಹಾಕುವುದೂ ಹೀಗೆಯೇ. ಬಳಿಕ ಹಳೆಯ ಊರಿನವರನ್ನೆಲ್ಲ ಕರೆದು, ಪ್ರತಿ ಮನೆತನದ ಹಿರಿಯರು ತಮ್ಮ ಮನೆಯಿದ್ದ ಜಾಗದಲ್ಲಿ ನಿಲ್ಲಬೇಕೆಂದು ಕೇಳುವುದು. ಮಂಡಳದವರು ಇದಕ್ಕೆ 'ನಿಲ್ಲೋ ಸಭೆ' ಎನ್ನುತ್ತಾರೆ. ಕಾಗದದ ನಕಾಶೆಯನ್ನು ಮುಂದಿಟ್ಟರೆ ಓದು ಬರದವರು ಹಿಂದೆ ಸರಿಯುತ್ತಾರೆ. ನೆಲದ ಮೇಲೆ ನಿಲ್ಲಲು ಓದು ಬೇಕಿಲ್ಲ.

ನಿಲ್ಲುವುದೊಂದೇ ಸಾಲದು. ಮನೆ ಇಂಥಲ್ಲಿಯೇ ಇತ್ತೆಂದು ಆ ಮನೆತನಕ್ಕೆ ಸಂಬಂಧವಿಲ್ಲದ ಇಬ್ಬರು ಸಾಕ್ಷಿ ಹೇಳಬೇಕು. ಹೇಳಿದರೆ ಬೂದಿಯ ಗೆರೆಯ ಮೇಲೆ ಸುಣ್ಣದ ಗೆರೆ ಬೀಳುತ್ತದೆ. ಸಾಕ್ಷಿ ಸಿಗದ ಮನೆ ಬೂದಿಯಾಗಿಯೇ ಉಳಿಯುತ್ತದೆ, ಗೋಡೆಗೆ ಏರುವುದಿಲ್ಲ. ಈ ನಿಯಮಕ್ಕೆ ಕಾರಣವಿತ್ತು. ಹಿಂದೆ ಮೂಡಲಗಿ ಕಡೆಯ ಹಳ್ಳಿಯೊಂದರಲ್ಲಿ ಒಂದು ಮನೆತನ ತನ್ನ ಅಂಗಳವನ್ನು ಗುಡಿಯ ಕಟ್ಟೆಯವರೆಗೂ ಹಿಗ್ಗಿಸಿ ಹೇಳಿತ್ತು. ನಕಾಶೆ ಹೊರಬಂದ ಮೇಲೆ ಎದ್ದ ಜಗಳದಲ್ಲಿ ಮಂಡಳವೇ ಮುರಿಯುವುದರಲ್ಲಿತ್ತಂತೆ. ಅಂದಿನಿಂದ ಅಧ್ಯಕ್ಷರು ಈ ನಿಯಮವನ್ನು ಕಣ್ಣಿನಂತೆ ಕಾಯ್ದುಕೊಂಡು ಬಂದಿದ್ದರು.

ಮೊದಲ ಭಾನುವಾರ ಮೈದಾನ ತುಂಬಿತು. ಯಮಕನಮರಡಿ, ನಾಗನೂರಗಳಲ್ಲಿ ನೆಲೆಸಿದವರೂ ಟಂಟಂ ಆಟೋ ಮಾಡಿಕೊಂಡು ಬಂದಿದ್ದರು. ಬಾವಿ ಓಣಿಯ ಇಬ್ಬರು ಮುದುಕರು ಬೂದಿಯ ಮನೆಗಳಲ್ಲಿ ನಿಂತೊಡನೆ ಶುರು ಮಾಡಿದರು.

"ಏ, ನಿನ್ನ ಗ್ವಾಡಿ ನನ್ನ ದನದ ಕೊಟಗಿ ಒಳಗ ಬಂದೈತಿ ನೋಡ. ಹಿಂದ ಸರಿ."

"ಅವಾಗೂ ಹಿಂಗ ಅಂತಿದ್ದಿ. ಊರ ಮುಳಗೇತಿ, ನಿನ್ನ ತಕರಾರ ಮುಳಗಿಲ್ಲ."

"ಗ್ವಾಡಿ ಹಿಂದ ಸರದಿದ್ರ ತಕರಾರೂ ಮುಳಗತಿತ್ತೇಳ."

ಸುತ್ತ ನಿಂತವರು ನಕ್ಕರು. ಇಬ್ಬರೂ ಒಂದೊಂದು ಹೆಜ್ಜೆ ಸರಿದರು. ಸುಣ್ಣ ಬಿತ್ತು. ಊರ ಗೌಡರ ಮನೆತನದ ಹಿರಿಯರು ಬಾವಿಯ ಮಗ್ಗುಲಲ್ಲಿ ಅತಿ ದೊಡ್ಡ ಚೌಕದಲ್ಲಿ ಕೈಕೋಲು ಊರಿ ನಿಂತಿದ್ದರು. ಅವರ ಪರವಾಗಿ ಇಬ್ಬರಲ್ಲ, ಇಡೀ ಓಣಿಯೇ ಸಾಕ್ಷಿ ಹೇಳಿತು. ಪ್ರತಿ ಸಾಕ್ಷಿಗೂ ಅಧ್ಯಕ್ಷರು ಒಂದೇ ಪ್ರಶ್ನೆ ಕೇಳುತ್ತಿದ್ದರು: "ಅಡ್ಡಹೆಸರ ಏನ್ರಿ?" ಅಡ್ಡಹೆಸರೆಂದರೆ ಈ ಕಡೆ ಮನೆತನದ ಹೆಸರು. ಅದು ಬೇರೆಯಾದರೆ ಮನೆತನ ಬೇರೆ, ಸಾಕ್ಷಿ ಸ್ವೀಕಾರ.

ಮಧ್ಯಾಹ್ನದ ಹೊತ್ತಿಗೆ ಅಗಸಿಯ ಒಳಗಿನ ಊರು ಬೆಳ್ಳಗಾಗಿತ್ತು. ಅಗಸಿಯ ಹೊರಗೆ, ಹಳ್ಳದ ಕಡೆ, ಏನೂ ಇರಲಿಲ್ಲ. ದಲಿತರ ಕೇರಿ ಇದ್ದದ್ದು ಅಲ್ಲಿ. ಕೇರಿಯ ಮನೆಗಳ ಮಣ್ಣಿನ ಗೋಡೆಗಳು ನೀರಿನಲ್ಲಿ ಕರಗಿಹೋಗಿದ್ದವು. ಪುನರ್ವಸತಿ ಕಾಲದ ಹಳೆಯ ನಕಾಶೆಯಲ್ಲಿ ಆ ಜಾಗಕ್ಕೆ ಒಂದು ಖಾಲಿ ಚೌಕ ಬರೆದು, ಒಳಗೆ ಜಾತಿಯ ಹೆಸರು ಬರೆದು ಬಿಟ್ಟಿದ್ದರು. ಅಲ್ಲಿ ಮನೆಗಳಿದ್ದವು, ಬಾಗಿಲುಗಳಿದ್ದವು ಎಂಬುದನ್ನು ಬರೆಯುವ ಅಗತ್ಯ ಯಾರಿಗೂ ಕಂಡಿರಲಿಲ್ಲ. ಉಳಿದ ಮೂರು ಗುರುತುಗಳೂ ಕಲ್ಲಿನಲ್ಲಿ ಕಟ್ಟಿಕೊಳ್ಳಬಲ್ಲವರವು. ಉಳಿದ ಕಲ್ಲನ್ನು ಮಾತ್ರ ಅಳೆದ ನಮ್ಮ ನಕಾಶೆ ಹಳೆಯ ತಪ್ಪನ್ನೇ ಹೊಸ ಟೇಪಿನಿಂದ ಮತ್ತೆ ಮಾಡಿತ್ತು.

ಕೇರಿಯವರು ಮೈದಾನದ ಅಂಚಿನಲ್ಲಿ ನಿಂತಿದ್ದರು. ಅವರ ಮುಂದೆ ಒಬ್ಬ ಹೆಂಗಸು. ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತರಾಗಿ ಯಮಕನಮರಡಿಯಲ್ಲಿ ನೆಲೆಸಿದವರು. ಅವರ ಕುಟುಂಬ ಬೌದ್ಧ ಧರ್ಮ ಸ್ವೀಕರಿಸಿ ಬಹಳ ಕಾಲವಾಗಿತ್ತು. ಸುತ್ತಲ ಹಳ್ಳಿಗಳಲ್ಲಿ ಎಲ್ಲ ಜಾತಿಯ ಮನೆಗಳ ಬಾಣಂತಿಯರೂ ಅವರ ಕೈಯಲ್ಲಿ ಹಾದುಹೋದವರೇ. ಆದ್ದರಿಂದ ಅವರನ್ನು ಎಲ್ಲರೂ ಸಿಸ್ಟರ್ ಎಂದೇ ಕರೆಯುತ್ತಿದ್ದರು. ಅವರಿಗೆ ಏನು ಬೇಕೆಂದು ನಾನು ಕೇಳಿದೆ. ನನ್ನನ್ನು ಅಲ್ಲಿ ಎಲ್ಲರೂ ಬಾಯಾರ, ಅಂದರೆ ಮೇಡಂ, ಎನ್ನುತ್ತಿದ್ದರು.

"ನಮ್ಮಪ್ಪ ತನ್ನ ಕೈಯಾಗ ಕಟ್ಟಿದ ಮನಿ ಅದು ಬಾಯಾರ. ಅದರದೊಂದ ಫೋಟೋ ಸೈತ ಇಲ್ಲ ನಮ್ಮ ಕಡೆ. ಮೊಮ್ಮಕ್ಕಳು ಕೇಳತಾವ, ಆಯಿ ನಿನ್ನ ಊರ ಎಲ್ಲೈತಿ ಅಂತ. ನೀರ ತೋರಸಬೇಕಾಗತೈತಿ. ಆ ಭವನದ ಗ್ವಾಡಿ ಮ್ಯಾಲ ಬಟ್ಟ ಇಟ್ಟ, ಇಲ್ಲಿ ಹುಟ್ಟೇನಿ ಅಂತ ತೋರಸಬೇಕು ನಾ. ಅಷ್ಟ."

ಅಧ್ಯಕ್ಷರು ಅಗಸಿಯ ಗೂಟದಿಂದ ಹಗ್ಗ ಹಿಡಿದು ಹಳ್ಳದ ಕಡೆ ಹೊರಟರು. ಸಿಸ್ಟರ್ ತಮ್ಮ ಜಾಗದಲ್ಲಿ ನಿಂತರು. ಬೂದಿಯ ಗೆರೆ ಬಿತ್ತು. ಸಾಕ್ಷಿಗೆ ಮಗ್ಗುಲ ಮನೆಯ ಮುದುಕ ಬಂದ.

"ಅಡ್ಡಹೆಸರ ಏನ್ರಿ?"

ಮುದುಕ ಹೇಳಿದ. ಸಿಸ್ಟರ್ ಅವರದೂ ಅದೇ ಅಡ್ಡಹೆಸರು. ಎರಡನೆಯವ ಬಂದ, ಅದೇ. ಮೂರನೆಯವಳು ಬಂದಳು, ಅದೇ. ಅಧ್ಯಕ್ಷರ ಕೈಯಲ್ಲಿದ್ದ ಸುಣ್ಣದ ಡಬ್ಬಿ ಅಲುಗಲಿಲ್ಲ. ಕೇರಿಯ ಯಾವ ಮನೆಗೂ ನಿಯಮದ ಪ್ರಕಾರ ಸಾಕ್ಷಿಯೇ ಇರಲಿಲ್ಲ. ಎಲ್ಲರೂ ಒಂದೇ ಮನೆತನ ಎಂದಾಯಿತು.

"ಕಾಯ್ದೆ ಅಂದ್ರ ಕಾಯ್ದೆ ನೋಡ್ರಿ, ಯಾರಿಗೂ ಬಿಡಂಗಿಲ್ಲ" ಎಂದು ಗೌಡರ ಓಣಿಯ ಒಬ್ಬರು ಹೇಳಿದರು. ಆ ಧ್ವನಿಯಲ್ಲಿ ಸಂತೋಷವಿತ್ತು. ನಾನು ಅದನ್ನೂ ಬರೆದುಕೊಂಡೆ.

ಸಿಸ್ಟರ್ ಜಾಗ ಬಿಡದೆ ನಿಂತಲ್ಲಿಂದಲೇ ಮಾತನಾಡಿದರು. "ಸಾಹೇಬ್ರ, ಈ ಅಡ್ಡಹೆಸರ ನಮ್ಮಪ್ಪ ಇಟ್ಟದ್ದಲ್ರಿ, ನಮ್ಮಜ್ಜ ಇಟ್ಟದ್ದಲ್ಲ. ಸಾಲ್ಯಾಗ ಹೆಸರ ಹಚ್ಚಾಕ ಹೋದಾಗ ಮಾಸ್ತರ ಕೇರಿ ಮಂದಿಗೆಲ್ಲಾ ಒಂದ ಹೆಸರ ಬರದ. ಜಾತಿಗೆ ಊರವ್ರ ಏನ ಅಂತಿದ್ರೋ ಅದನ್ನ ಬರದ. ನಾವು ಬ್ಯಾರೆ, ಈ ಕಾಕಾ ಬ್ಯಾರೆ. ಕೇಳಿದ್ರ ಹೇಳತಿದ್ವಿ. ಯಾರೂ ಕೇಳಲಿಲ್ಲ."

ಬೇವಿನ ಮರದ ಕೆಳಗೆ ಚಹಾ ಬಂತು. ಕುಡಿಯುವ ಮನಸ್ಸು ನನಗಿರಲಿಲ್ಲ. ಶಾಲೆಯ ಬಾಗಿಲಲ್ಲಿ ನಡೆದ ಆ ಅನ್ಯಾಯ ಒಬ್ಬ ಮಾಸ್ತರನ ಸೋಮಾರಿತನವಷ್ಟೇ ಆಗಿರಲಿಲ್ಲ. ಕೇರಿಯ ಜನರನ್ನು ಬಿಡಿಬಿಡಿಯಾದ ಮನುಷ್ಯರೆಂದು ಎಣಿಸಲೊಲ್ಲದ ಸಮಾಜ ಅವನ ಕೈಯಲ್ಲಿ ಬರೆಸಿತ್ತು. ಅದೇ ಹೆಸರಿನ ಬಲದ ಮೇಲೆ ಇವತ್ತು ಮತ್ತೊಮ್ಮೆ ಅವರ ಮನೆಗಳನ್ನು ಅಳಿಸುವುದು ಸಲ್ಲದು ಎಂದು ನಾನು ಅಧ್ಯಕ್ಷರಿಗೆ ಹೇಳಿದೆ. ಕೇರಿಗೆ ಈ ನಿಯಮದಿಂದ ವಿನಾಯಿತಿ ಕೊಟ್ಟು, ಅವರು ಹೇಳಿದ್ದನ್ನು ಹೇಳಿದಂತೆ ಬರೆಯೋಣ ಎಂದೆ.

"ನಿಮ್ಮ ಸಿಟ್ಟ ಖರೆ ಐತಿ ಬಾಯಾರ" ಎಂದರು ಅಧ್ಯಕ್ಷರು. "ಆದ್ರ ವಿನಾಯಿತಿ ಕೊಟ್ರ, ನಾಳೆ ಗ್ವಾಡಿ ಮುಂದ ನಿಂತು ಮಂದಿ ಏನ ಅಂತಾರ? ಇವೆಲ್ಲಾ ಸಾಕ್ಷಿ ಇದ್ದ ಮನಿ, ಅವು ದಯಾದ ಮ್ಯಾಲ ಹಾಕಿದ ಮನಿ ಅಂತಾರ."

ನಾನು ಉತ್ತರಿಸುವ ಮುನ್ನ ಸಿಸ್ಟರ್ ಹತ್ತಿರ ಬಂದಿದ್ದರು. ನಮ್ಮ ಮಾತು ಅವರ ಕಿವಿಗೆ ಬಿದ್ದಿತ್ತು.

"ನನಗೂ ವಿನಾಯಿತಿ ಬ್ಯಾಡ್ರಿ" ಎಂದರು. "ನಿಯಮ ಛಲೋ ಐತಿ. ಅದನ್ನ ಎಲ್ಲಾರಿಗೂ ಸಮ ಹಚ್ಚರಿ. ಗೌಡರ ಮನಿಗೆ ಸಾಕ್ಷಿ ಹೇಳಿದವರೆಲ್ಲಾ ಯಾರ್ರಿ? ಅಡ್ಡಹೆಸರ ಬ್ಯಾರೆ ಅದಾವ, ಖರೆ. ಒಬ್ಬರಿಗೆ ಅವರ ಅತ್ತಿನ್ನ ಕೊಟ್ಟಾರ, ಒಬ್ಬರ ಮನಿಯಿಂದ ಹೆಣ್ಣ ತಂದಾರ. ಇಡೀ ಓಣಿ ಬೀಗರ ಓಣಿ. ರಕ್ತಸಂಬಂಧಾನೂ ಬ್ಯಾಡ, ಬೀಗರೂ ಬ್ಯಾಡ ಅಂತ ಕೇಳ್ರಿ ನೋಡೋಣು."

"ಹಂಗ ಕೇಳಿದ್ರ ನಿಮಗೂ ಕೇರ್ಯಾಗ ಸಾಕ್ಷಿ ಸಿಗೂದಿಲ್ಲ ಸಿಸ್ಟರ್" ಎಂದರು ಅಧ್ಯಕ್ಷರು. "ನೀವೂ ಒಬ್ಬರಿಗೊಬ್ಬರು ಬೀಗರ."

"ಕೇರ್ಯಾಗ ಸಿಗೂದಿಲ್ಲ. ಊರಾಗ ಸಿಗಬೇಕಲ್ರಿ? ಅಷ್ಟ ವರ್ಷ ಬಾಜೂಕ ಇದ್ದೇವಿ. ನಮ್ಮನ್ನ ನೋಡೇವಿ ಅನ್ನಾಕ ಒಬ್ಬರರೆ ಬೇಕಲ್ಲ."

ಇದು ಎಂಥ ಪಣ ಎಂಬುದು ನನಗೆ ಆಗ ಪೂರ್ತಿ ತಿಳಿಯಿತು. ವಿನಾಯಿತಿ ಪಡೆದಿದ್ದರೆ ಅವರ ಮನೆ ಆ ದಿನವೇ ನಕಾಶೆಗೆ ಬರುತ್ತಿತ್ತು. ಅವರು ಅದನ್ನು ಬಿಟ್ಟು, ಊರಿನ ಬಾಯಿಂದಲೇ ಆ ಮಾತು ಬರಬೇಕೆಂದು ಕೇಳುತ್ತಿದ್ದರು. ಊರು ಬಾಯಿ ಬಿಡದಿದ್ದರೆ ಆ ಮನೆ ಎರಡನೆಯ ಸಲ ಮುಳುಗುತ್ತಿತ್ತು.

ಅಧ್ಯಕ್ಷರು ಚಹಾದ ಕಪ್ಪು ಕೆಳಗಿಟ್ಟು ಮೈದಾನಕ್ಕೆ ಹೋದರು. ಗೌಡರನ್ನು ನೇರವಾಗಿ ಕೇಳಿದರು: "ಗೌಡ್ರ, ನಿಮ್ಮ ಸಾಕ್ಷಿದಾರ್ರ ನಿಮಗ ಏನಾಗಬೇಕು?"

"ಒಬ್ಬಾವ ಸೋದರತ್ತಿ ಮಗ. ಇನ್ನೊಬ್ಬಾವ ನಮ್ಮ ಹಿರೇ ಮಗನ ಮಾವ. ಯಾಕ್ರಿ?"

ಅಧ್ಯಕ್ಷರು ಶಾಲೆಯ ಜವಾನನ ಕಡೆಯಿಂದ ಕಸಬರಿಗೆ ಇಸಿದುಕೊಂಡರು. ತಾವೇ ಬಗ್ಗಿ ಗೌಡರ ಮನೆಯ ಸುಣ್ಣದ ಗೆರೆಯನ್ನು ಗುಡಿಸತೊಡಗಿದರು. ಆಮೇಲೆ ಮಗ್ಗುಲ ಮನೆ. ಅದರಾಚೆಯ ಮನೆ. ಬೆಳಗಿನಿಂದ ಹಾಕಿದ್ದನ್ನೆಲ್ಲ ಗುಡಿಸುತ್ತಿದ್ದಾರೆಂದು ಅರಿವಾದಾಗ ಜನ ಸುತ್ತುವರಿದರು.

"ಏನ ಮಾಡಾಕತ್ತೀರಿ ಸಾಹೇಬ್ರ?"

"ತಪ್ಪ ಮಾಡಿದ್ದೆ, ತೆಗ್ಯಾಕತ್ತೇನಿ. ಹೆಸರ ನೋಡಿ ಸಾಕ್ಷಿ ತಗೊಂಡೆ, ಸಂಬಂಧ ನೋಡಲಿಲ್ಲ. ಬರೂ ಐತವಾರ ಮತ್ತ ಬರ್ರಿ. ಬೀಗರನ್ನ ಬಿಟ್ಟ ಇಬ್ಬರನ್ನ ಕರಕೊಂಡ ಬರ್ರಿ. ಗೌಡರಿಗೂ ಇದ, ಕೇರಿಗೂ ಇದ."

"ಮಳಿ ಬಂದ್ರ?"

"ಬಂದ್ರ ಬರಲಿ. ಬೂದಿ ತೊಳದ ಹೋದ್ರ ಮತ್ತ ಹಾಕೂನು."

ನಾನು ಅನೇಕ ಹೋರಾಟಗಳಲ್ಲಿ ಭಾಗವಹಿಸಿದ್ದೇನೆ. ತಪ್ಪನ್ನು ಎತ್ತಿ ತೋರಿಸಿದಾಗ ಸಂಸ್ಥೆಗಳು ಏನು ಮಾಡುತ್ತವೆ ಎಂಬುದು ಗೊತ್ತು: ಸಮಿತಿ ರಚಿಸುತ್ತವೆ, ಪರಿಶೀಲಿಸುವುದಾಗಿ ಹೇಳುತ್ತವೆ. ಸಿಟ್ಟಾದ ಊರಿನ ನಡುವೆ ಕಸಬರಿಗೆ ಹಿಡಿದು ತಮ್ಮದೇ ಕೆಲಸವನ್ನು ಗುಡಿಸಿಹಾಕಿದ ಅಧ್ಯಕ್ಷರನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಕಾರ್ಯದರ್ಶಿ ಸ್ವಲ್ಪ ಹೊತ್ತು ತಲೆ ಕೆರೆದುಕೊಂಡು, ಮತ್ತೊಂದು ಕಸಬರಿಗೆ ಹುಡುಕಿಕೊಂಡು ಬಂದು ಇನ್ನೊಂದು ಓಣಿಯಿಂದ ಶುರು ಮಾಡಿದರು. ಹಲವರು ಬೈಯುತ್ತ ಟಂಟಂ ಹತ್ತಿದರು. ಗೌಡರು ಕೈಕೋಲು ಊರುತ್ತ ಹೋದರು.

ವಾರದ ನಡುವೆ ಒಂದು ಮಳೆ ಬಿದ್ದು ಬೂದಿಯೂ ಹೋಯಿತು. ಗೂಟಗಳು ಮಾತ್ರ ಉಳಿದವು. ಶನಿವಾರ ನಾವು ಮೂವರು ಮತ್ತೆ ಹಗ್ಗ ಎಳೆದೆವು. ಆ ಸಲ ಮೊದಲ ಗೆರೆ ಹಾಕಿದ್ದು ಅಗಸಿಯ ಹೊರಗಿನ ಕೇರಿಯ ಓಣಿಗೆ.

ಭಾನುವಾರ ಬಂದವರು ಕಡಿಮೆ. ಮೋಡ ಕವಿದಿತ್ತು. ಆದರೆ ಬಂದವರಲ್ಲಿ ಗೌಡರಿದ್ದರು. ತಮ್ಮ ಮನೆ ಬೂದಿಯಾಗಿ ಉಳಿಯುವುದನ್ನು ಅವರು ಸಹಿಸಲಾರದವರು. ಬರುವಾಗ ನಾಗನೂರಕ್ಕೆ ಕೊಟ್ಟಿದ್ದ ತಮ್ಮ ಅಕ್ಕನನ್ನೂ ಕರೆತಂದಿದ್ದರು. ಮೊದಲ ಸಭೆಗೆ ಆಕೆಯನ್ನು ಯಾರೂ ಕರೆದಿರಲಿಲ್ಲ. ಮನೆತನದ ಹಿರಿಯರು ಬರಲಿ ಎಂದು ನಾವು ಹೇಳಿಕಳಿಸಿದ್ದೆವು. ಹಿರಿಯರೆಂದರೆ ಗಂಡಸರೆಂದು ಊರು ತಿಳಿದುಕೊಂಡಿತ್ತು, ನಾವೂ ತಿದ್ದಿರಲಿಲ್ಲ. ಅಲ್ಲಿ ಅಡುಗೆ ಮಾಡಿದವರು, ನೀರು ತಂದವರು, ಹೆತ್ತವರು ಹೆಂಗಸರು. ಮನೆ ಎಲ್ಲಿತ್ತೆಂದು ಹೇಳಲು ಮಾತ್ರ ಗಂಡಸರು. ಇದೂ ಒಂದು ತಪ್ಪೇ. ಆಕೆ ತಮ್ಮನ ಮನೆಗೆ ಸಾಕ್ಷಿಯಾಗುವಂತಿರಲಿಲ್ಲ. ನೋಡಿಕೊಂಡು ಹೋಗಲೆಂದು ಬಂದವರು, ಬೇವಿನ ಕೆಳಗೆ ಕುರ್ಚಿಯಲ್ಲಿ ಕುಳಿತರು.

ಬೀಗರನ್ನು ಬಿಟ್ಟು ಸಾಕ್ಷಿ ತನ್ನಿ ಎಂದಾಗ ಮೈದಾನದಲ್ಲಿ ನಡೆದದ್ದನ್ನು ನಾನು ಮರೆಯಲಾರೆ. ಒಂದು ಓಣಿಯವರು ಇನ್ನೊಂದು ಓಣಿಗೆ ಹೋಗಬೇಕಾಯಿತು. ಲಿಂಗಾಯತರು ಕುರುಬರ ಹತ್ತಿರ, ಬಡಿಗೇರರು ಗೌಡರ ಹತ್ತಿರ. ಎಲ್ಲರ ಮನೆಯ ಹಿತ್ತಿಲು, ಕೊಟ್ಟಿಗೆ, ಕಣಜಗಳನ್ನು ಒಂದೂ ಬಿಡದಂತೆ ಬಲ್ಲವರು ಯಾರೆಂಬುದು ತಾನಾಗಿಯೇ ಹೊರಬಿತ್ತು. ಆ ಮನೆಗಳಲ್ಲೆಲ್ಲ ದುಡಿದವರು ಕೇರಿಯವರು. ಊರಿನಲ್ಲಿ ಯಾರಿಗೂ ಬೀಗರಾಗಲು ಅವರನ್ನು ಬಿಟ್ಟುಕೊಂಡಿರಲಿಲ್ಲ. ಆದ್ದರಿಂದಲೇ ಅವರ ಸಾಕ್ಷಿ ಎಲ್ಲರಿಗೂ ನಡೆಯುತ್ತಿತ್ತು. ಊರು ಒಬ್ಬೊಬ್ಬರಾಗಿ ಅಂಚಿಗೆ ಹೋಗಿ ಅವರನ್ನು ಕರೆಯತೊಡಗಿತು.

ಗೌಡರು ಕೊನೆಗೆ ಬಂದರು. ಒಂದು ಸಾಕ್ಷಿ ಅವರಿಗೆ ಬಡಿಗೇರರಿಂದ ಸಿಕ್ಕಿತ್ತು, ಇನ್ನೊಂದು ಬೇಕಿತ್ತು. ಅವರ ಮನೆಯಲ್ಲಿ ದುಡಿದ ಕೇರಿಯವರಲ್ಲಿ ಬದುಕಿ ಬಂದಿದ್ದವರು, ತಾಯಿಯ ಹಿಂದೆ ಹೋಗುತ್ತಿದ್ದ ಸಿಸ್ಟರ್ ಒಬ್ಬರೇ.

"ಸಿಸ್ಟರ್, ನಮ್ಮ ಮನಿ ಇಲ್ಲೇ ಇತ್ತಲ್ರಿ?"

ಸಿಸ್ಟರ್ ಬೂದಿಯ ಚೌಕವನ್ನು ಒಂದು ಸುತ್ತು ಹಾಕಿ ನೋಡಿದರು. "ಇತ್ರಿ. ಹಿಂದಿನ ಬಾಗಲಾ ಈ ಮೂಲಿಗೆ. ಅದರ ಮುಂದ ದನಾ ನೀರ ಕುಡ್ಯೂ ಕಲ್ಲಿನ ದ್ವಾಣಿ, ಅದರ ಬಾಜೂಕ ನಮ್ಮವ್ವ ಕುಂಡ್ರೂ ಜಾಗಾ. ಅದಕ್ಕ ನಾ ಸಾಕ್ಷಿ."

"ಮುಂದಿನ ಬಾಗಲಾ?" ಎಂದು ಅಧ್ಯಕ್ಷರು ಕೇಳಿದರು.

"ಅದನ್ನ ನಾ ನೋಡಿಲ್ರಿ. ನೋಡದ್ದು ಹ್ಯಾಂಗ ಹೇಳಲಿ?"

ಸಿಟ್ಟಿಲ್ಲದೆ, ಆಸ್ಪತ್ರೆಯಲ್ಲಿ ಜ್ವರ ಎಷ್ಟಿದೆ ಎಂದು ಹೇಳುವ ಧಾಟಿಯಲ್ಲಿ ಹೇಳಿದರು. ನನ್ನ ಭಾಷಣಗಳಲ್ಲಿ ಈ ಒಂದು ವಾಕ್ಯಕ್ಕೆ ಸಮನಾದದ್ದು ಯಾವುದೂ ಇಲ್ಲ. ಅಧ್ಯಕ್ಷರು ಹಿಂದಿನ ಬಾಗಿಲಿನಿಂದಲೇ ಸುಣ್ಣ ಶುರು ಮಾಡಿದರು.

ಬಳಿಕ ಎಲ್ಲರೂ ಅಗಸಿಯ ಹೊರಗೆ ಬಂದರು. ಕೇರಿಯ ಬೇರೆ ಮನೆಗಳಿಗೆ ಹೇಗೋ ಸಾಕ್ಷಿಗಳು ದೊರೆತವು. ಅಂಚಿನ ಮನೆಗಳು ಹೊಲದ ದಾರಿಗೆ ಇದ್ದುದರಿಂದ ಕಂಡವರಿದ್ದರು. ಸಿಸ್ಟರ್ ಅವರ ಮನೆ ಒಳಗಿನ ಸಾಲಿನದು. ಅವರು ಬೂದಿಯ ಚೌಕದ ಹೊರಗೆ ನಿಂತಿದ್ದರು.

"ಈ ಮನಿಗೆ ಯಾರ ಸಾಕ್ಷಿ?"

ಗೌಡರು ಮುಂದೆ ಬಂದರು. "ನಾ ಹೇಳತೇನಿ. ನಮ್ಮಪ್ಪ ಮುಂಜಾನೆ ಆಳು ಕರ್ಯಾಕ ಕಳಸತಿದ್ದ. ನಾ ಸಣ್ಣಾವ. ಅಗಸ್ಯಾಗ ನಿಂತು ಒದರತಿದ್ದೆ. ಸಂದ್ಯಾಗ ಒಳಗಿನ ಸಾಲಿನ ಎಡಗಡಿ ಎರಡನೇ ಬಾಗಲಾ ತೆರೀತಿತ್ತು, ಇವರಪ್ಪ ಹೊರಗ ಬರ್ತಿದ್ದ... ಬರ್ತಿದ್ರು."

"ಏನಂತ ಒದರತಿದ್ರಿ?" ಎಂದು ಸಿಸ್ಟರ್ ಕೇಳಿದರು.

"ಹೆಸರ ಹಿಡದ."

"ಬರೇ ಹೆಸರ?"

"ಬರೇ ಹೆಸರ." ಗೌಡರು ಕೈಕೋಲನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದರು. "ಯಾರೂ ತಿದ್ದಲಿಲ್ಲ ನನಗ."

ಮಗುವಿನ ಬಾಯಲ್ಲಿ ಆ ಏಕವಚನ ಇಟ್ಟವರು ದೊಡ್ಡವರು. ತಂದೆಯ ವಯಸ್ಸಿನವರನ್ನು ಹೆಸರು ಹಿಡಿದು ಒದರುವ ಹಕ್ಕು ತನಗಿದೆಯೆಂದು ಒಂದು ಮಗು ನಂಬುವಂತೆ ಬೆಳೆಸುವುದು, ಕೇರಿಯನ್ನು ಅಗಸಿಯ ಹೊರಗಿಟ್ಟಷ್ಟೇ ದೊಡ್ಡ ಅಪರಾಧ. ಆದರೂ ಇಡೀ ಊರಿನ ಎದುರಿಗೆ ಅದನ್ನು ಹೇಳಲು ಆ ದಿನ ಗೌಡರನ್ನು ಯಾರೂ ಒತ್ತಾಯಿಸಿರಲಿಲ್ಲ. ಹೇಳಿದರು. ಅಷ್ಟರಮಟ್ಟಿಗೆ ಅವರ ಬಗ್ಗೆ ನನ್ನಲ್ಲಿ ಗೌರವವಿದೆ.

ಒಂದು ಸಾಕ್ಷಿ ಆಯಿತು. ಎರಡನೆಯದು? ಬಡಿಗೇರರ ಮುದುಕ ತಲೆಯಾಡಿಸಿದ: ಕೇರಿ ಗೊತ್ತು, ಒಳಗಿನ ಸಾಲು ಗೊತ್ತಿಲ್ಲ. ಕುರುಬರ ಓಣಿಯವರೂ ಅದನ್ನೇ ಹೇಳಿದರು. ಯಾರೂ ಸುಳ್ಳು ಹೇಳಲಿಲ್ಲ. ಅಷ್ಟು ಹತ್ತಿರವಿದ್ದೂ ಯಾರೂ ಅಲ್ಲಿಗೆ ಹೋಗಿರಲಿಲ್ಲ, ಅಷ್ಟೇ. ಹಳ್ಳದ ಕಡೆಯಿಂದ ಮಳೆಯ ಗಾಳಿ ಬರತೊಡಗಿತು. ಬೂದಿಯ ಗೆರೆಗಳ ಅಂಚು ಹಾರುತ್ತಿತ್ತು. ಅಧ್ಯಕ್ಷರು ಸುಣ್ಣದ ಡಬ್ಬಿ ಹಿಡಿದು ನಿಂತೇ ಇದ್ದರು. ಇನ್ನೊಮ್ಮೆ ಕೇಳಿದರು. ಸಿಸ್ಟರ್ ಯಾರ ಮುಖವನ್ನೂ ನೋಡುತ್ತಿರಲಿಲ್ಲ.

ಆಗ ಬೇವಿನ ಕೆಳಗಿನ ಕುರ್ಚಿ ಸರಿದ ಸದ್ದಾಯಿತು. ಗೌಡರ ಅಕ್ಕ ಎದ್ದು, ಮೊಣಕಾಲು ಹಿಡಿದುಕೊಳ್ಳುತ್ತ, ಅಗಸಿಯ ಗೂಟ ದಾಟಿ ಬಂದರು.

"ನನ್ನ ಸಾಕ್ಷಿ ನಡೀತೈತೇನ್ರಿ?"

ಅಧ್ಯಕ್ಷರು ಆ ದಿನ ಎಲ್ಲರನ್ನೂ ಕೇಳಿದ ಪ್ರಶ್ನೆಯನ್ನೇ ಕೇಳಿದರು: "ಈ ಮನಿಗೆ ನಿಮ್ಮದೇನರೆ ಸಂಬಂಧ ಐತೇನ್ರಿ?"

"ಸಂಬಂಧ ಅಂದ್ರ," ಆಕೆ ಯೋಚಿಸಿದರು, "ರೊಟ್ಟಿ ತಿಂದೇನಿ."

"ರೊಟ್ಟಿ ಸಂಬಂಧ ನಮ್ಮ ನಿಯಮದಾಗ ಬರೂದಿಲ್ರಿ" ಎಂದರು ಅಧ್ಯಕ್ಷರು. "ಸಾಕ್ಷಿ ನಡೀತೈತಿ. ಹೇಳ್ರಿ."

"ಬಾಗಲಾ ಇಲ್ಲಿ. ತಲಿ ಬಗ್ಗಿಸಿ ಹೋಗಬೇಕು. ಬಲಕ್ಕ ಒಲಿ. ಒಲಿ ಮ್ಯಾಲ ಗ್ವಾಡ್ಯಾಗ ದೀಪದ ಗೂಡ. ಎಡಕ್ಕ ಜೋಳದ ಗಡಗಿ ಇರತಿದ್ವು."

ಗೌಡರು ಅಕ್ಕನ ಕಡೆ ತಿರುಗಿದರು. "ಅಕ್ಕಾ, ನೀ ಯಾವಾಗ ಒಳಗ ಹೋಗಿದ್ದಿ?"

"ನೀ ಅಗಸ್ಯಾಗ ನಿಂತ ಒದರೂದ ಕಲಿಯೂಕಿಂತ ಮೊದಲ. ನಮ್ಮವ್ವಗ ಗೊತ್ತಾಗಿದ್ರ ಚರ್ಮ ಸುಲೀತಿದ್ಲು."

"ಮನಿಗೆ ಬಂದು..." ಎಂದು ಯಾರೋ ಶುರು ಮಾಡಿದರು.

"ಏನ, ಮೈ ತೊಳಕೊಂಡ್ಯಾ ಅಂತ ಕೇಳತೀ? ಬಾಯಿ ಸೈತ ತೊಳಕೊಂಡಿಲ್ಲ."

ಸಿಸ್ಟರ್ ಈಗ ಆಕೆಯ ಮುಖವನ್ನು ದಿಟ್ಟಿಸಿ ನೋಡುತ್ತಿದ್ದರು. ಇಬ್ಬರೂ ಒಂದೇ ವಯಸ್ಸಿನವರು. ಊರು ಬಿಟ್ಟ ಮೇಲೆ ಒಬ್ಬರನ್ನೊಬ್ಬರು ನೋಡಿರಲಿಲ್ಲ ಎಂದು ಆಮೇಲೆ ಹೇಳಿದರು. ಎಲ್ಲರನ್ನೂ ಬಹುವಚನದಲ್ಲಿ ಮಾತನಾಡಿಸುವ ಸಿಸ್ಟರ್ ಆ ದಿನ ಮೊದಲ ಬಾರಿಗೆ ಅದನ್ನು ಬಿಟ್ಟರು.

"ಖಾರಾ ಹತ್ತಿ ಅತ್ತದ್ದನ್ನೂ ಹೇಳ ಮತ್ತ."

"ಅಳಲಿಲ್ಲ ನಾ. ಮೂಗ ಸೋರಿತ್ತು."

"ಅತ್ತಿ. ನಮ್ಮವ್ವ ಬೆಲ್ಲಾ ಕೊಟ್ಲು. ಮರದಿವಸ ಮತ್ತ ಬಂದಿ."

"ಬೆಲ್ಲದ ಸಲುವಾಗಿ ಬಂದಿದ್ದೆ."

ಅಧ್ಯಕ್ಷರು ಮನೆಯ ನಾಲ್ಕೂ ಗೋಡೆಗಳಿಗೆ ಸುಣ್ಣ ಹಾಕಿದರು. ಬಾಗಿಲ ಜಾಗ ಬಿಟ್ಟರು. ಆಮೇಲೆ ಒಲೆ ಎಲ್ಲಿ ಬರುತ್ತದೆ, ಎಷ್ಟು ದೊಡ್ಡದು ಎಂದು ಕೇಳಿದರು. ಒಲೆಗೆ ಗುರುತು ಹಾಕುವ ಪದ್ಧತಿ ಮಂಡಳಕ್ಕೆ ಇರಲಿಲ್ಲ. ನಾನು ಅವರ ಕಡೆ ನೋಡಿದೆ. "ಇಬ್ಬರ ಸಾಕ್ಷಿ ಐತಲ್ರಿ ಬಾಯಾರ, ಬರಕೋರಿ" ಎಂದರು. ಸಿಸ್ಟರ್ ಬಾಗಿಲಿನಿಂದ ಒಳಗೆ ಬಂದು, ಒಲೆಯ ಮುಂದೆ ತಾಯಿ ಕೂಡುತ್ತಿದ್ದ ಕಡೆ ಕೂತರು. ಗೌಡರ ಅಕ್ಕ ತಲೆ ಬಗ್ಗಿಸಿ ಬಂದು ಎದುರಿಗೆ ಕೂತರು. ಅವರಿಬ್ಬರ ನಡುವೆ ಅಧ್ಯಕ್ಷರು ಸುಣ್ಣ ಸುರಿದರು. ಮೊದಲ ಹನಿಗಳು ಬಿದ್ದವು. ಕಾರ್ಯದರ್ಶಿ ಅವಸರದಿಂದ ಅಳತೆಯ ಟೇಪು ಬಿಚ್ಚಿದರು.

ಭವನದ ಗೋಡೆಯ ಮೇಲೆ ಈಗ ಇಡೀ ಊರಿದೆ, ಕೇರಿಯೂ ಸೇರಿ. ಆ ಊರಿನಲ್ಲಿ ಒಲೆ ಇರುವ ಮನೆ ಅದೊಂದೇ.